ಮೀಸೆಯ ವಿಷಯ

ಗಂಡನ ಮೀಸೆಯನ್ನು ನೋಡಬಾರದೆಂದು ರಜ್ಬಾರ್ ರೈಲಿನ ಕಿಟಕಿಯ ಕಡೆ ತಿರುಗಿದರೆ ಅದು ಅಲ್ಲಿಯೂ ಇತ್ತು. ಹಿಂದಕ್ಕೆ ಓಡುತ್ತಿದ್ದ ಗೋದಾಮುಗಳ ಮೇಲೆ, ಬೇಲಿಗಳ ಮೇಲೆ, ಗಾಜಿನಲ್ಲಿ ತೇಲುತ್ತ, ಬಾಯಿಯನ್ನು ಪೂರ್ತಿ ಮುಚ್ಚಿಕೊಂಡು, ಎರಡೂ ತುದಿ ಗದ್ದದವರೆಗೆ ಇಳಿದ, ಅರ್ಧ ನರೆತ ಮೀಸೆ. ಡ್ಯಾಂಡಿನಾಂಗ್‌ನಲ್ಲಿ ಹತ್ತಿದಾಗಿನಿಂದ ಎದುರು ಸೀಟಿನ ಹೆಂಗಸು ಅದನ್ನು ಕದ್ದು ಕದ್ದು ನೋಡುತ್ತಿದ್ದುದನ್ನು ರಜ್ಬಾರ್ ಗಮನಿಸಿದ್ದಳು. ಮೊರಾದ್ ಗಮನಿಸಿರಲಿಲ್ಲ. ಟೈಲ್ಸ್ ಕೆಲಸದ ಸಿಮೆಂಟಿನಿಂದ ಬಿರಿದ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಯಾರದೋ ಮದುವೆಗೆ ಹೊರಟವನ ಹಾಗೆ ನೆಟ್ಟಗೆ ಕೂತಿದ್ದ. ನಿನ್ನೆ ಅವನ ಅಂಗಿಗೆ ಇಸ್ತ್ರಿ ಹಾಕುತ್ತ ಅವಳು ಹೇಳಿದ್ದಳು: 'ತುಟಿ ಕಾಣೋವಷ್ಟಾದ್ರೂ ಕತ್ತರಿಸ್ಕೊ, ಮೊರಾದ್. ಕೋರ್ಟಲ್ಲಿ ನಿನ್ನ ಮಾತು ಹೊರಗೆ ಬರಬೇಕಲ್ಲ.' ಅವನು ಅವಳನ್ನು ಸುಮ್ಮನೆ ನೋಡಿ, ನಕ್ಕು, ಚಹಾದ ಲೋಟಗಳನ್ನು ತೊಳೆಯಲು ಎದ್ದುಹೋಗಿದ್ದ. ಯಾರ್‌ಸಾನ್ ಗಂಡಸು ಮೀಸೆಗೆ ಕತ್ತರಿ ಮುಟ್ಟಿಸುವುದಿಲ್ಲ. ಅದು ಅವರ ನಂಬಿಕೆಯ ಗುರುತು, ದೇವರಿಗೆ ಕೊಟ್ಟ ಮಾತಿನ ಮೊಹರು. ಅವಳಿಗೆ ಇದು ಗೊತ್ತಿಲ್ಲದ್ದಲ್ಲ. ಅವಳೂ ಅಂಥ ಮನೆಯಲ್ಲೇ ಹುಟ್ಟಿದವಳು. ಗೊತ್ತಿದ್ದೂ ಹೇಳಿದಳಲ್ಲ ಎಂಬುದೇ ಈಗ ಕೆನ್ನೆಯ ಒಳಗೆ ಬಿಸಿಯಾಗಿ ಕೂತಿತ್ತು. ಹಾಗೆ ನೋಡಿದರೆ ಅವಳು ಮೊದಲಿನಿಂದಲೂ ಕತ್ತರಿಸಿಕೊಂಡವಳೇ. ಬಿಟ್ಟು ಬಂದ ದೇಶದ ಕೆರೆಂದ್ ಊರಿನ ಸರ್ಕಾರಿ ಶಾಲೆಯಲ್ಲಿ ಭೂಗೋಳ ಕಲಿಸುವ ಕೆಲಸಕ್ಕಾಗಿ, ಧರ್ಮ ಯಾವುದೆಂದು ಕೇಳಿದ ಜಾಗದಲ್ಲಿ ತನ್ನದಲ್ಲದ ಧರ್ಮವನ್ನು ಬರೆದಿದ್ದಳು. ಅದೇ ಊರಿನಲ್ಲಿ ಚಾಕು ಮಾಡುತ್ತಿದ್ದ ಮೊರಾದ್ ಎಲ್ಲಿಯೂ ಏನನ್ನೂ ಬರೆಯಲಿಲ್ಲ. ಅವನಿಗೆ ಬರೆಯುವ ಅಗತ್ಯ ಬೀಳಲಿಲ್ಲ. ಮುಖದ ಮೇಲೇ ಇತ್ತು.

ಆಶ್ರಯ ಬೇಡಿ ಬಂದ ಇವರಿಗೆ ರಕ್ಷಣೆಯ ವೀಸಾ ಕೊಡುವುದಿಲ್ಲ ಎಂದು ಮೊದಲು ಇಲಾಖೆ ಹೇಳಿತ್ತು, ಆಮೇಲೆ ಮೇಲ್ಮನವಿ ಮಂಡಳಿ ಹೇಳಿತ್ತು. ಇವತ್ತು ನ್ಯಾಯಾಲಯವೂ ಹಾಗೇ ಹೇಳಿದರೆ ಅವರು ಈ ದೇಶ ಬಿಡಬೇಕು. ಬಿಟ್ಟು ಹೋಗಬೇಕಾದ ಜಾಗ ಒಂದೇ. ಅದನ್ನು ಯೋಚಿಸಿದಾಗಲೆಲ್ಲ ರಜ್ಬಾರ್‌ಗೆ ಭಯಕ್ಕಿಂತ ಮೊದಲು ಸಿಟ್ಟು ಬರುತ್ತಿತ್ತು, ಆ ಸಿಟ್ಟೆಲ್ಲ ಮಂಡಳಿಯ ತೀರ್ಪಿನ ಒಂದೇ ಒಂದು ವಾಕ್ಯದ ಮೇಲೆ ಹೋಗಿ ನಿಲ್ಲುತ್ತಿತ್ತು. ಮತ್ತೇನಾದರೂ ಹೇಳುವುದಿದೆಯೇ ಎಂದು ಅರ್ಜಿದಾರರನ್ನು ಎರಡು ಬಾರಿ ಕೇಳಲಾಯಿತು, ಅವರು ಇಲ್ಲ ಎಂದರು. ಆ ವಾಕ್ಯ ಓದುವಾಗಲೇ ಅವಳಿಗೆ ಅವನ ದನಿ ಕೇಳಿಸಿತ್ತು: ಬೇಡ ಬೇಡ, ನಿಮಗೆ ಆಗಲೇ ತುಂಬಾ ತೊಂದರೆ ಕೊಟ್ಟೆ. ಯಾರ ಮನೆಗೆ ಹೋದರೂ ಅದೇ. ಅವರ ಕಡೆ ಚಹಾ ಬೇಕೇ ಎಂದರೆ ಮೊದಲು ಬೇಡ ಅನ್ನಬೇಕು, ಮತ್ತೆ ಕೇಳಿದರೂ ಬೇಡ ಅನ್ನಬೇಕು. ಮನೆಯವರು ಮೂರನೆಯ ಸಲ ಕೇಳುತ್ತಾರೆ, ಆಗ ಲೋಟ ಕೈಗೆ ಬರುತ್ತದೆ. ಎಲ್ಲರೂ ಹೀಗೇ, ಸರಿ. ಆದರೆ ಈ ದೇಶದಲ್ಲಿ ಬೇಡ ಎಂದರೆ ಬೇಡ, ಕೇಳಿದವರು ಕೆಟಲನ್ನು ತಿರುಗಿ ಒಲೆಯ ಮೇಲಿಟ್ಟು ಬೇರೆ ಮಾತು ತೆಗೆಯುತ್ತಾರೆ ಎಂಬುದನ್ನು ಅವಳು ಬಂದ ಮೊದಲ ತಿಂಗಳಲ್ಲೇ ಕಲಿತಿದ್ದಳು. ಅವನು ಕಲಿಯಲಿಲ್ಲ. ತಮ್ಮ ಜೀವದ ಪ್ರಶ್ನೆಯನ್ನೂ ಅವನು ಚಹಾದ ಲೋಟದ ಹಾಗೆ ದೂರ ಸರಿಸಿಬಿಟ್ಟ. ಆವತ್ತು ಮಂಡಳಿಯ ಬಾಗಿಲ ಹೊರಗೆ ಕಾಯುತ್ತಿದ್ದ ಅವಳು 'ಎಲ್ಲಾ ಹೇಳಿದ್ಯಾ?' ಎಂದು ಕೇಳಿದ್ದಳು. 'ಕೇಳಿದ್ದಕ್ಕೆಲ್ಲಾ ಹೇಳಿದೆ. ಒಳ್ಳೆ ಮನುಷ್ಯ. ಪಾಪ, ತುಂಬಾ ದಣಿದಿದ್ದ,' ಎಂದಿದ್ದ. ಅವನಿಗೆ ಕರುಣೆ ಬಂದದ್ದು ತಮ್ಮನ್ನು ತಳ್ಳಿಹಾಕಲಿದ್ದ ಮನುಷ್ಯನ ದಣಿವಿನ ಮೇಲೆ.

ನ್ಯಾಯಾಲಯದ ಮೊಗಸಾಲೆಯಲ್ಲಿ ಬಹ್ಮನ್ ಕಾಯುತ್ತಿದ್ದ. ಡ್ಯಾಂಡಿನಾಂಗ್‌ನ ಕುರ್ದರಲ್ಲಿ ಅರ್ಜಿ ಬರೆದುಕೊಡುವವನು ಅವನೇ. ವಕೀಲನಲ್ಲ, ವಕೀಲರಿಗೆ ದುಡ್ಡಿಲ್ಲದವರ ಪಾಲಿಗೆ ಅವನೇ ವಕೀಲ. ಮೊರಾದನ ಭುಜಕ್ಕೆ ಗುದ್ದಿ, 'ಏನ್ ಕಾಕಾ, ಮೀಸೇನೂ ಇಸ್ತ್ರಿ ಮಾಡ್ಕೊಂಡು ಬಂದ್ಯಾ?' ಎಂದ. ಆಮೇಲೆ ದನಿ ತಗ್ಗಿಸಿ, 'ನೋಡು, ಜಡ್ಜ್ ಎದುರು ನಿನ್ನ ಕಷ್ಟ ಹೇಳ್ಕೊಂಡು ಅಳೋಕೆ ಹೋಗ್ಬೇಡ. ಅದು ಅವರಿಗೆ ಬೇಕಾಗಿಲ್ಲ. ಮಂಡಳಿಯೋರು ಕಾನೂನು ತಪ್ಪಿದ್ರಾ ಇಲ್ವಾ, ಅಷ್ಟೇ ಲೆಕ್ಕ. ದುಭಾಷಿ ಸರಿಯಿರ್ಲಿಲ್ಲ ಅಂತ ಹೇಳು. ಅರ್ಧ ನುಂಗಿಬಿಟ್ಲು ಅನ್ನು. ಎಲ್ಲರೂ ಅದನ್ನೇ ಹೇಳೋದು.'

'ಆ ಹುಡುಗಿ ಒಂದಕ್ಷರಾನೂ ನುಂಗಲಿಲ್ಲ,' ಎಂದ ಮೊರಾದ್.

'ನುಂಗಿದ್ಲೋ ಇಲ್ವೋ, ನಿಂಗೇನಪ್ಪ? ಅವಳಿಗೇನು ಜೈಲಾಗತ್ತಾ?'

'ಅವಳು ಅದರಲ್ಲೇ ಅನ್ನ ತಿನ್ನೋಳು, ಬಹ್ಮನ್.'

ಬಹ್ಮನ್ ರಜ್ಬಾರ್ ಕಡೆ ತಿರುಗಿ ಕೈ ಚೆಲ್ಲಿದ. 'ಖಾನಂ, ಇವನನ್ನ ಮದುವೆಯಾಗೋವಾಗ ಯಾರೂ ನಿಮಗೆ ಎಚ್ಚರಿಕೆ ಕೊಡ್ಲಿಲ್ವಾ?' ರಜ್ಬಾರ್ ನಗಬೇಕಾಗಿತ್ತು. ಆದರೆ ಅವಳ ಕಣ್ಣು ಮೊಗಸಾಲೆಯ ಆ ತುದಿಯಲ್ಲಿತ್ತು. ಅಲ್ಲಿ ಒಬ್ಬ ಹೆಂಗಸು ಚಕ್ರದ ಪೆಟ್ಟಿಗೆಯನ್ನು ಎಳೆದುಕೊಂಡು ಬರುತ್ತಿದ್ದಳು, ಒಂದು ಚಕ್ರ ಕಿರುಗುಡುತ್ತಿತ್ತು. ಸರ್ಕಾರದ ಕಡೆಯ ವಕೀಲೆ, ಹೆಲೆನ್ ಟ್ರಾಸ್ಕ್. ಅವರ ಹತ್ತಿರವೇ ಬಂದು, ಹೆಸರು ಹೇಳಿ, ಮೊರಾದನ ಕೈ ಕುಲುಕಿ, ಒಳಗೆ ಕುಡಿಯುವ ನೀರಿರುತ್ತದೆ, ಅರ್ಥವಾಗದಿದ್ದರೆ ಎಲ್ಲಿ ಬೇಕಾದರೂ ನಿಲ್ಲಿಸಿ ಕೇಳಬಹುದು ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು. ಕಣ್ಣುಗಳು ಕೆಂಪಾಗಿದ್ದವು. ಕೋಟಿನ ತೋಳಿನ ಮೇಲೆ ನಾಯಿಯದೋ ಬೆಕ್ಕಿನದೋ ಕೂದಲು. ಕುರಿಯನ್ನು ಕೊಯ್ಯುವ ಮೊದಲು ನೀರು ಕುಡಿಸುವುದು ರಜ್ಬಾರ್‌ಗೆ ನೆನಪಾಯಿತು. ಮೊರಾದನ ಅಜ್ಜ ಹಾಗೆ ಕುಡಿಸುವಾಗ ಕುರಿಯ ಕಿವಿಯಲ್ಲಿ ಕ್ಷಮೆ ಕೇಳುತ್ತಿದ್ದನಂತೆ. ಮೊರಾದ್ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಯಾರಿಗೆ ಬಾಗಿಸುತ್ತಿದ್ದೀಯ ಗೊತ್ತಾ ಎಂದು ಅವನ ತೋಳು ಜಗ್ಗಬೇಕೆನಿಸಿತು. ಜಗ್ಗಲಿಲ್ಲ.

ಒಳಗೆ ಎಲ್ಲವೂ ಅವಳು ಹೆದರಿದ್ದಕ್ಕಿಂತ ಚಿಕ್ಕದಾಗಿತ್ತು. ತಿಳಿ ಬಣ್ಣದ ಮರ, ಕಿಟಕಿಯಿಲ್ಲದ ಕೋಣೆ, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡ ವಯಸ್ಸಾದ ನ್ಯಾಯಾಧೀಶ. ಮೊರಾದ್ ಉದ್ದ ಮೇಜಿನ ಒಂದು ಕಡೆ ಕೂತ, ಪಕ್ಕದಲ್ಲಿ ನ್ಯಾಯಾಲಯದ ದುಭಾಷಿ. ಇನ್ನೊಂದು ಕಡೆ ಟ್ರಾಸ್ಕ್. ರಜ್ಬಾರ್‌ಳ ಹೆಸರೂ ಅರ್ಜಿಯಲ್ಲಿ ಗಂಡನ ಹೆಸರಿನ ಕೆಳಗೆ ಇದ್ದುದರಿಂದ, ಮುಂದೆ ಬಂದು ಕೂರಬಹುದಲ್ಲ ಎಂದು ನ್ಯಾಯಾಧೀಶರು ಕೇಳಿದರು. 'ಪರವಾಗಿಲ್ಲ, ಇಲ್ಲೇ ಇರ್ತೀನಿ,' ಎಂಬ ಮಾತು ಅವಳ ಬಾಯಿಂದ ಜಾರಿತು. ಅವರು ತಲೆಯಾಡಿಸಿ ಕಾಗದ ತಿರುವಿದರು. ಮತ್ತೆ ಕೇಳಲಿಲ್ಲ. ಅವಳು ಹಿಂದಿನ ಸಾಲಿನಲ್ಲಿ ಉಳಿದಳು. ಮುಂದೆ ಹೋಗಬೇಕೆಂಬ ಆಸೆ ಬಹಳ ಇತ್ತು. ಅದು ಈಗ ಗೊತ್ತಾಗುತ್ತಿತ್ತು.

ನಿಮಗೆ ವೀಸಾ ಕೊಡುವ ಅಧಿಕಾರ ನನಗಿಲ್ಲ, ನೀವು ಹೇಳಿದ್ದು ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಅಧಿಕಾರವೂ ಇಲ್ಲ, ಎಂದರು ನ್ಯಾಯಾಧೀಶರು. ಮಂಡಳಿ ನಿಮ್ಮ ಮಾತನ್ನು ಕಾನೂನು ಹೇಳಿದ ಹಾಗೆ ಕೇಳಿತೇ ಇಲ್ಲವೇ, ಅದನ್ನಷ್ಟೇ ನಾನು ನೋಡಬಲ್ಲೆ. ದುಭಾಷಿ ಅದನ್ನು ಕುರ್ದಿಗೆ ತಿರುಗಿಸಿದ. ಬಹ್ಮನ್ ಬರೆದ ಅರ್ಜಿಯ ಕಾರಣಗಳನ್ನು ನ್ಯಾಯಾಧೀಶರು ಒಂದೊಂದಾಗಿ ಓದಿದರು. ಎಲ್ಲವೂ ಯಾರ ಅರ್ಜಿಗೂ ಹೊಂದುವಂಥವು, ಅಂಗಡಿಯಲ್ಲಿ ನೇತುಹಾಕಿದ ಕೋಟಿನ ಹಾಗೆ. ಮಂಡಳಿಯ ದುಭಾಷಿಯ ಬಗ್ಗೆ ದೂರು ಇದೆಯೇ? 'ಇಲ್ಲ. ಅವರು ಚೆನ್ನಾಗಿ ಮಾಡಿದರು.' ರಜ್ಬಾರ್ ಪಕ್ಕದಲ್ಲಿ ಬಹ್ಮನ್ ಮೆಲ್ಲಗೆ ನರಳಿದ. ಬೇರೆ ಏನಾದರೂ? 'ಇಲ್ಲ. ನಿಮ್ಮ ಸಮಯ ತೆಗೆದುಕೊಂಡೆ, ಕ್ಷಮಿಸಬೇಕು.' ರಜ್ಬಾರ್ ಉಗುರುಗಳನ್ನು ಅಂಗೈಗೆ ಒತ್ತಿಕೊಂಡಳು. ಮುಗಿಯಿತು. ಮತ್ತೆ ಅದೇ ಮಾಡಿದ. ಅವನ ಹಿಂದಲೆಯನ್ನು, ಅವಳೇ ನೇರ ಮಾಡಿದ ಅಂಗಿಯ ಕಾಲರನ್ನು ನೋಡುತ್ತ, ಈ ಮನುಷ್ಯನ ಜೊತೆ ಇಷ್ಟು ವರ್ಷ ಹೇಗೆ ಬದುಕಿದೆ ಎಂದುಕೊಂಡಳು. ಹೇಗೆಂದರೆ, ಅವನು ಯಾವತ್ತೂ ಏನನ್ನೂ ಕೇಳದಿದ್ದುದರಿಂದ ಎಂಬ ಉತ್ತರವೂ ಒಳಗಿನಿಂದಲೇ ಬಂತು.

ಟ್ರಾಸ್ಕ್ ಎದ್ದಳು. ಸರ್ಕಾರದ ಪರವಾಗಿ ಹೇಳುವುದು ಇದೆ, ಎಂದಳು. ಅದಕ್ಕೂ ಮೊದಲು ಒಂದು ವಿಷಯ. ಅರ್ಜಿದಾರರಿಗೆ ವಕೀಲರಿಲ್ಲ. ಅವರು ಎತ್ತದಿದ್ದರೂ ನ್ಯಾಯಾಲಯಕ್ಕೆ ತಿಳಿಸಬೇಕಾದ್ದು ನನ್ನ ಕರ್ತವ್ಯ. ನಮ್ಮ ಕಡತದಲ್ಲಿದ್ದ ಲಿಖಿತ ಪ್ರತಿಯಲ್ಲಿ ಮಂಡಳಿಯ ವಿಚಾರಣೆಯ ಕೊನೆಯ ಭಾಗ ಇರಲಿಲ್ಲ. ಹಾಗಾಗಿ ಮೂಲ ಧ್ವನಿಮುದ್ರಣ ತರಿಸಿ ಪೂರ್ತಿ ಕೇಳಿದೆ. ಮಂಡಳಿಯ ತೀರ್ಪು ಹೇಳುವುದೇ ಒಂದು, ಅಲ್ಲಿರುವುದೇ ಒಂದು. ಒಂದು ಗುಟುಕು ನೀರು ಕುಡಿದು, ಅದನ್ನು ಕೇಳಿಸಲು ಅನುಮತಿ ಬೇಕು ಎಂದಳು. ದುಭಾಷಿ ಇದನ್ನೆಲ್ಲ ಮೊರಾದನ ಕಿವಿಯಲ್ಲಿ ಹೇಳುವಾಗ ಮೊರಾದ್ ಬೇಡವೆನ್ನುವ ಹಾಗೆ ಕೈಯನ್ನು ಸ್ವಲ್ಪ ಎತ್ತಿದ. ಯಾರೂ ನೋಡಲಿಲ್ಲ, ರಜ್ಬಾರ್ ನೋಡಿದಳು.

ಗೋಡೆಯಲ್ಲಿದ್ದ ಸ್ಪೀಕರಿನಿಂದ ಮೊದಲು ಬಂದದ್ದು ಹವಾನಿಯಂತ್ರಕದ ಸದ್ದು. ಆಮೇಲೆ ಮಂಡಳಿಯ ಸದಸ್ಯನ ದನಿ. ಸೌಜನ್ಯದ ದನಿಯೇ, ದಣಿದದ್ದೂ ನಿಜ. ಇನ್ನೇನಾದರೂ ಹೇಳುವುದಿದೆಯೇ? ಮೊರಾದನ ದನಿ: ಇಲ್ಲ, ನಿಮಗೆ ತುಂಬಾ ತೊಂದರೆ ಕೊಟ್ಟೆ. ಖಂಡಿತ ಇಲ್ಲವೇ? ಇಲ್ಲ, ಇಲ್ಲ, ದಯವಿಟ್ಟು. ಕಾಗದ ಜೋಡಿಸುವ ಸದ್ದು. ಕುರ್ಚಿ ಹಿಂದಕ್ಕೆ ಸರಿದ ಸದ್ದು. ಕೋಣೆ ಖಾಲಿಯಾಯಿತೇನೋ ಎನ್ನುವಷ್ಟು ಹೊತ್ತು ಬರೀ ಹವಾನಿಯಂತ್ರಕ. ಮೂರನೆಯ ಪ್ರಶ್ನೆಗಾಗಿ ಕಾಯುತ್ತಿರುವ ಮನುಷ್ಯನ ಮೌನ ಅದು. ಈ ಕೋಣೆಯಲ್ಲಿ ಅದನ್ನು ಗುರುತಿಸಬಲ್ಲವಳು ತಾನೊಬ್ಬಳೇ ಎಂದು ರಜ್ಬಾರ್‌ಗೆ ಅನ್ನಿಸಿತು. ಆಮೇಲೆ, ಯಾರೂ ಕೇಳದಿದ್ದರೂ, ಮೊರಾದ್ ಮಾತಾಡಿದ. ಬಹಳ ಮೆಲ್ಲಗೆ. 'ಒಂದು ಮಾತಿದೆ. ನನ್ನ ಮೀಸೆಯ ವಿಷಯ.' ದುಭಾಷಿ ಹುಡುಗಿ ಅದನ್ನು ಹಾಗೆಯೇ, ಒಂದಕ್ಷರ ನುಂಗದೆ, ಇಂಗ್ಲಿಷಿಗೆ ತಂದಳು. ಸದಸ್ಯ ನಕ್ಕ. ಕೆಟ್ಟ ನಗುವಲ್ಲ, ದಿನದ ಕೊನೆಯಲ್ಲಿ ಬರುವ ಸಣ್ಣ ನಗು. ಮೀಸೆ ಬಹಳ ಚೆನ್ನಾಗಿದೆ, ಈಗ ಆ ವಿಷಯಕ್ಕೆ ಹೋಗುವುದು ಬೇಡ, ಬೇಕಾದ್ದೆಲ್ಲ ನಮ್ಮ ಬಳಿ ಇದೆ, ವಂದನೆಗಳು. ಅಲ್ಲಿಗೆ ಸದ್ದು ನಿಂತಿತು.

ಆ ನಗು ರಜ್ಬಾರ್‌ಗೆ ಗೊತ್ತಿತ್ತು. ಅದನ್ನು ಅವಳು ಮೊದಲು ನಕ್ಕಿದ್ದಳು. ಕೆರೆಂದಿನ ಮನೆಯ ಬಾಗಿಲಲ್ಲಿ ಮೊರಾದ್ ನಿಂತಿದ್ದ, ಮೂರು ದಿನ ಕಾಣೆಯಾಗಿದ್ದವನು. ಅವನ ಅಣ್ಣನನ್ನೂ ಅವನನ್ನೂ ಅಲ್ಲಿನ ಸರ್ಕಾರದ ಜನ ಚಾಕುವಿನ ಅಂಗಡಿಯಿಂದಲೇ ಕರೆದುಕೊಂಡು ಹೋಗಿದ್ದರು. ಬದುಕಿ ಬಂದನಲ್ಲ ಎಂದು ಓಡಿಬಂದವಳು ದೀಪದ ಬೆಳಕಿನಲ್ಲಿ ಅವನ ಮುಖ ನೋಡಿದಳು. ಮದುವೆಗೂ ಮೊದಲಿನಿಂದ ಎಂದೂ ಕಂಡಿರದ ಆ ಮೇಲ್ತುಟಿ ಬೆಳ್ಳಗೆ, ಬೋಳಾಗಿ, ಅಲ್ಲಲ್ಲಿ ಕೊಯ್ದು, ಚಿಕ್ಕ ಹುಡುಗನ ತುಟಿಯ ಹಾಗೆ ಇತ್ತು. ಅವಳು ನಕ್ಕುಬಿಟ್ಟಳು. ನೆಮ್ಮದಿಗೆ ನಕ್ಕದ್ದು, ಮೂರು ದಿನದ ನಿದ್ದೆಗೆಟ್ಟು ನಕ್ಕದ್ದು, ಅಳುವ ಬದಲು ನಕ್ಕದ್ದು ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಳು; ನಕ್ಕದ್ದಂತೂ ನಿಜ. 'ಏನಾಯ್ತು?' ಎಂದಳು. 'ಏನೂ ಇಲ್ಲ.' ಬೆಳಿಗ್ಗೆ ಚಹಾ ಕೊಡುವಾಗ ಮತ್ತೆ ಕೇಳಿದಳು. 'ಏನೂ ಇಲ್ಲ, ಬಿಡು ರಜ್ಬಾರ್ ಗ್ಯಾನ್,' ಎಂದ, ನನ್ನ ಜೀವವೇ ಎನ್ನುವ ಹಾಗೆ. ಅವಳು ಬಿಟ್ಟಳು. ಮೂರನೆಯ ಸಲ ಕೇಳಲಿಲ್ಲ. ತನಗೆ ಆ ಪದ್ಧತಿ ಗೊತ್ತಿರಲಿಲ್ಲವೆಂದು ಹೇಳುವ ಹಾಗಿರಲಿಲ್ಲ. ಮಂಡಳಿಯ ಆ ದಣಿದ ಮನುಷ್ಯನಿಗಿದ್ದ ನೆಪ ಅವಳಿಗೆ ಇರಲಿಲ್ಲ. ಉತ್ತರಕ್ಕೆ ಹೆದರಿಯೇ ಕೇಳದೆ ಉಳಿದಳು. ಅದಾದ ಮೇಲೆ ಅವನ ಅಣ್ಣ ಇವರ ಮನೆಗೆ ಕಾಲಿಡಲಿಲ್ಲ, ಜಮ್ ಎಂದು ಕರೆಯುವ ಪ್ರಾರ್ಥನೆಯ ಕೂಟಕ್ಕೂ ಬರಲಿಲ್ಲ, ಆ ಚಳಿಗಾಲ ಬೆಟ್ಟದ ಕಡೆ ಹೋದವನು ಹೋದವನೇ. ಅಂಗಡಿಯ ಪಾಲಿನ ಜಗಳವೆಂದು ಊರು ಆಡಿಕೊಂಡಿತು, ಅವಳೂ ನಂಬಿದಳು. ನಂಬುವುದು ಸುಲಭವಾಗಿತ್ತು.

ಟ್ರಾಸ್ಕ್ ಇನ್ನೂ ನಿಂತಿದ್ದಳು. ತನ್ನ ಕೆಲಸವನ್ನೂ ಅವಳು ಬಿಡಲಿಲ್ಲ. ಇದನ್ನು ಕೇಳಿಸಿಕೊಂಡಿದ್ದರೂ ಮಂಡಳಿಯ ತೀರ್ಮಾನ ಬದಲಾಗುತ್ತಿರಲಿಲ್ಲ ಎನ್ನುವುದು ಸರ್ಕಾರದ ವಾದ ಎಂದು ಸ್ಪಷ್ಟವಾಗಿ, ಒಂದು ಮಾತೂ ತೇಲಿಸದೆ ಮಂಡಿಸಿದಳು. ಆದರೆ ಅರ್ಜಿದಾರರ ನಂಬಿಕೆ ಹೊರಗೆ ಕಾಣುವಂಥದ್ದಲ್ಲ, ಅದಕ್ಕಾಗಿ ಅವರಿಗೆ ಅಪಾಯವಿಲ್ಲ ಎಂದು ಮಂಡಳಿ ಬರೆದಿರುವಾಗ, ಆ ನಂಬಿಕೆಯ ಹೊರಗುರುತಿನ ಬಗ್ಗೆ ಅವರು ಹೇಳಹೊರಟದ್ದನ್ನು ತಡೆದದ್ದು ಸಣ್ಣ ವಿಷಯವೆಂದು ತಾನು ಹೇಳಲಾರೆ ಎಂದೂ ಸೇರಿಸಿ ಕೂತಳು. ತಮ್ಮನ್ನು ಕಳಿಸಲು ಸಂಬಳ ಪಡೆಯುವ ಹೆಂಗಸು ತನ್ನ ಗಂಡನ ಮೌನವನ್ನು ಕೊನೆಯವರೆಗೆ ಕೂತು ಕೇಳಿಸಿಕೊಂಡಿದ್ದಾಳೆ. ಆ ಕೆಂಪು ಕಣ್ಣುಗಳು ಅದಕ್ಕೇ ಏನೋ. ತಾನು ಕೇಳಿಸಿಕೊಂಡಿರಲಿಲ್ಲ. ರಜ್ಬಾರ್ ಅವಳ ತೋಳಿನ ಮೇಲಿನ ಕೂದಲನ್ನು ನೋಡಿದಳು, ಎದ್ದು ಹೋಗಿ ಅದನ್ನು ತೆಗೆಯಬೇಕೆನಿಸುವಷ್ಟು ಆ ಅಪರಿಚಿತೆ ಹತ್ತಿರದವಳಾಗಿದ್ದಳು.

ನ್ಯಾಯಾಧೀಶರು ಕನ್ನಡಕ ಇಳಿಸಿಕೊಂಡು ಮೊರಾದನ ಕಡೆ ನೋಡಿದರು. ಮೀಸೆಗೆ ಏನಾಯಿತೆಂದು ನಾನು ಇಲ್ಲಿ ಕೇಳುವ ಹಾಗಿಲ್ಲ. ಆವತ್ತು ಹೇಳಬೇಕಾದ್ದು ನಿಮ್ಮಲ್ಲಿ ಇತ್ತೇ?

'ಇತ್ತು.'

ಹಾಗಾದರೆ ಅವರು ತಡೆದರೆಂದು ಇಷ್ಟು ದಿನ ಯಾಕೆ ಹೇಳಲಿಲ್ಲ?

ಮೊರಾದ್ ಎದ್ದು ನಿಂತ. 'ಅವರು ನಕ್ಕರು,' ಎಂದ. 'ಬೇಕೂಂತ ನಕ್ಕಿದ್ದಲ್ಲ. ಒಬ್ಬ ಮನುಷ್ಯ ದಣಿದಾಗ ಬಾಯಿ ತಪ್ಪಿ ನಕ್ಕಿದ್ದನ್ನ ಇನ್ನೊಬ್ಬರ ಮುಂದೆ ಎತ್ತಿ ಆಡಬಾರದು. ನಮ್ಮಲ್ಲಿ ಆಡಲ್ಲ.'

ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ, ನ್ಯಾಯಾಧೀಶರು ಬರೆದುಕೊಂಡರು. ಮೊರಾದ್ ಹಿಂದೆ ತಿರುಗಿ ನೋಡಲಿಲ್ಲ. ನೋಡದಿರುವುದರಲ್ಲೇ ಅವನಿಗೆ ಎಲ್ಲವೂ ನೆನಪಿದೆ ಎಂಬುದು ರಜ್ಬಾರ್‌ಗೆ ತಿಳಿಯಿತು. ಬಾಗಿಲು, ದೀಪ, ನಗು. ಅದನ್ನು ಅವನು ಯಾರ ಮುಂದೆಯೂ ಎತ್ತಿ ಆಡಿರಲಿಲ್ಲ, ಅವಳ ಮುಂದೆಯೂ. ಅವಳು ಅವನ ಹೇಡಿತನ ಎಂದುಕೊಂಡದ್ದರ ಒಳಗೆ ಇಷ್ಟು ದೊಡ್ಡ ಜಾಗ ಇತ್ತು, ಅದರಲ್ಲಿ ಅವಳನ್ನೇ ಮುಚ್ಚಿಟ್ಟು ಕಾಪಾಡಿಕೊಂಡು ಬಂದಿದ್ದ.

ಸ್ವಲ್ಪ ವಿರಾಮದ ಬಳಿಕ ನ್ಯಾಯಾಧೀಶರು ಮರಳಿ ಬಂದು ಆದೇಶ ಓದಿದರು. ಮಂಡಳಿಯ ತೀರ್ಪು ರದ್ದು. ಅರ್ಜಿಯನ್ನು ಬೇರೊಬ್ಬ ಸದಸ್ಯರು ಮೊದಲಿನಿಂದ ಕೇಳತಕ್ಕದ್ದು. ಬಹ್ಮನ್ ಮೊಗಸಾಲೆಗೆ ಬಂದವನೇ ಮೊರಾದನನ್ನು ತಬ್ಬಿ, ಎರಡೂ ಕೆನ್ನೆಗೆ ಮುತ್ತಿಟ್ಟು, 'ಗೆದ್ವಲ್ಲೋ ಕಾಕಾ! ನಾನು ಬರೆದಿದ್ದರಲ್ಲಿ ಒಂದೂ ಕೆಲಸಕ್ಕೆ ಬರ್ಲಿಲ್ಲ, ನಿನ್ನ ಮೀಸೆ ಗೆಲ್ಲಿಸ್ತು!' ಎಂದು ಫೋನು ಹಿಡಿದು ಸುದ್ದಿ ಹಂಚಲು ಓಡಿದ. ಗೆದ್ದದ್ದು ವೀಸಾ ಅಲ್ಲ, ಇನ್ನೊಂದು ಸಲ ಕೇಳಿಸಿಕೊಳ್ಳುವ ಭರವಸೆ ಮಾತ್ರ ಎಂದು ರಜ್ಬಾರ್‌ಗೆ ಗೊತ್ತಿತ್ತು. ಆದರೂ ಒಂದು ದೇಶ ತನ್ನ ಅರಮನೆಯಂಥ ಕಟ್ಟಡದಲ್ಲಿ ಕೂತು, ಈ ಟೈಲ್ಸ್ ಕೆಲಸದವನ ಮಾತು ನಾವು ಪೂರ್ತಿ ಕೇಳಲಿಲ್ಲ, ಮತ್ತೆ ಕೇಳೋಣ ಎಂದು ಹೇಳಿದ್ದು ಸಣ್ಣದೆಂದು ಅವಳಿಗೆ ಅನ್ನಿಸಲಿಲ್ಲ. ಕಿರುಗುಡುವ ಚಕ್ರ ಹತ್ತಿರ ಬಂತು. ಅವಳು ಚೀಲದಿಂದ, ಕೂಟದಲ್ಲಿ ಪ್ರಾರ್ಥಿಸಿ ಹಂಚಿದ್ದ ಅಕ್ರೋಟಿನ ಗಂಟನ್ನು ತೆಗೆದು ಟ್ರಾಸ್ಕ್ ಮುಂದೆ ಹಿಡಿದಳು. ಟ್ರಾಸ್ಕ್ ಮುಗುಳ್ನಕ್ಕು, ನಾನು ತೆಗೆದುಕೊಳ್ಳುವ ಹಾಗಿಲ್ಲ, ನಿಮಗೆ ಒಳ್ಳೆಯದಾಗಲಿ ಎಂದಳು. ಆ ಬೇಡ ನಿಜವಾದ ಬೇಡ. ರಜ್ಬಾರ್ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದಳು, ಬೆಳಿಗ್ಗೆ ಮೊರಾದ್ ಬಾಗಿಸಿದಷ್ಟೇ.

ನ್ಯಾಯಾಲಯದ ಎದುರಿನ ಉದ್ಯಾನದಲ್ಲಿ ಊಟದ ಬಿಡುವಿನ ಜನ ಹುಲ್ಲಿನ ಮೇಲೆ ಬೂಟು ಕಳಚಿ ಕೂತಿದ್ದರು. ಅವಳು ಬೆಂಚಿನ ಮೇಲೆ ಫ್ಲಾಸ್ಕ್ ತೆರೆದು ಚಹಾ ಬಗ್ಗಿಸಿದಳು. ಮೊರಾದ್ ಸಕ್ಕರೆಯ ತುಂಡನ್ನು ಹಲ್ಲಿನ ನಡುವೆ ಇಟ್ಟುಕೊಂಡು, ಎಡಗೈ ಬೆರಳಿನಿಂದ ಮೀಸೆಯನ್ನು ಪರದೆಯ ಹಾಗೆ ಸರಿಸಿ ಗುಟುಕರಿಸಿದ. ಹಾದುಹೋಗುವವರು ನೋಡಿದರು. ನೋಡಲಿ.

'ಮೊರಾದ್ ಗ್ಯಾನ್, ಆವತ್ತು ಅಲ್ಲಿ ಏನಾಯ್ತು?' ಎಂದಳು.

ಅವನು ರಸ್ತೆಯಲ್ಲಿ ಬರುತ್ತಿದ್ದ ಟ್ರಾಮಿನ ಕಡೆ ನೋಡಿದ. ಇಲ್ಲ ಅನ್ನಲಿಲ್ಲ, ಎರಡು ಇಲ್ಲಗಳು ಕೆರೆಂದಿನಲ್ಲೇ ಮುಗಿದಿದ್ದವು. ಲೋಟವನ್ನು ಬೆಂಚಿನ ಮೇಲೆ ಇಟ್ಟು, ಅದು ಅಲುಗದಂತೆ ಬೆರಳಿನಿಂದ ಒತ್ತಿ ನೋಡಿ, ಅಂಗೈಗಳನ್ನು ಮೊಣಕಾಲ ಮೇಲೆ ತಂದುಕೊಂಡ.

'ನಂದನ್ನ ಅವರು ಬೋಳಿಸಿದ್ರು,' ಎಂದ. 'ಅಣ್ಣನದನ್ನ ನನ್ನ ಕೈಯಿಂದ ಮಾಡಿಸಿದ್ರು. ನಮ್ಮ ಅಂಗಡೀದೇ ಚಾಕು. ನಾನೇ ಸಾಣೆ ಹಿಡಿದಿದ್ದು.'

ಟ್ರಾಮು ಗಂಟೆ ಬಾರಿಸಿ ದಾಟಿಹೋಯಿತು. ಅವನು ಅವಳ ಮುಖ ನೋಡಿದ, ಮನೆಗೆ ಬಂದವರಿಗೆ ಹೊತ್ತಾಯಿತೇನೋ ಎಂದು ನೋಡುವ ಹಾಗೆ. 'ಸಾಕು ಬಿಡು. ನಿಂಗೆ ಬೇಜಾರಾಗತ್ತೆ.'

'ಇಲ್ಲ,' ಎಂದಳು ರಜ್ಬಾರ್. 'ಮುಂದೆ ಹೇಳು.'